ಫೊರೆನ್ಸಿಕ್ ವೈದ್ಯರಾಗುವ ದಾರಿ: ತುಮಕೂರು ಸೀಮೆಯ ವಿದ್ಯಾರ್ಥಿಗಳಿಗೆ

ನಮ್ಮ ಜಿಲ್ಲೆಯ ಯಾವುದಾದರೂ ತಾಲ್ಲೂಕು ಆಸ್ಪತ್ರೆಯ ಹಿಂಭಾಗಕ್ಕೆ ಬೆಳಗಿನ ಹತ್ತು ಗಂಟೆಯ ಸುಮಾರಿಗೆ ಹೋದರೆ, ಮುಖ್ಯ ಕಟ್ಟಡದಿಂದ ದೂರ ನಿಂತ ಶವಾಗಾರದ ಮುಂದೆ ನಾಲ್ಕಾರು ಮಂದಿ ಹೊಂಗೆ ಮರದ ನೆರಳಿನಲ್ಲಿ ಕುಳಿತಿರುವುದು ಎಷ್ಟೋ ದಿನ ಕಾಣುತ್ತದೆ. ಪಂಚನಾಮೆಯ ಕಾಗದಗಳನ್ನು ಹಿಡಿದ ಹೆಡ್ ಕಾನ್‌ಸ್ಟೆಬಲ್ ಒಬ್ಬರು ವೈದ್ಯರ ದಾರಿ ಕಾಯುತ್ತಿರುತ್ತಾರೆ. ಮರದ ಕೆಳಗಿನವರು ಕಾಯುತ್ತಿರುವುದು ಶವಕ್ಕಾಗಿ. ಆದರೆ ಅವರ ಮನೆಗೆ ಬರಬೇಕಾದ ವಿಮೆ, ಪರಿಹಾರ, ಮುಂದೆ ನಡೆಯಬಹುದಾದ ಮೊಕದ್ದಮೆ, ಊರಿನವರು ಆಡಬಹುದಾದ ಮಾತು, ಇವೆಲ್ಲವೂ ಒಳಗೆ ನಡೆಯುವ ಒಂದೆರಡು ಗಂಟೆಯ ಕೆಲಸವನ್ನೂ ಆಮೇಲೆ ಬರೆಯುವ ಮೂರ್ನಾಲ್ಕು ಪುಟಗಳನ್ನೂ ಆಧರಿಸಿರುತ್ತವೆ.

ಆ ಪುಟಗಳನ್ನು ಬರೆಯುವ ವಿದ್ಯೆಯೇ ಫೊರೆನ್ಸಿಕ್ ಮೆಡಿಸಿನ್. ನಾನು ಎಂಬಿಬಿಎಸ್ ಮುಗಿಸಿ ಮೊದಲು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದೆ. ಬಳಿಕ ಇದೇ ವಿಷಯದಲ್ಲಿ ಎಂ.ಡಿ. ಮಾಡಿ ಬೋಧಕನಾದೆ. ಈ ವೃತ್ತಿಗೆ ಬರಲು ಯಾವ ಪರೀಕ್ಷೆ ಬರೆಯಬೇಕು ಎಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಬಂದ ಮೇಲೆ ಏನನ್ನು ರೂಢಿಸಿಕೊಳ್ಳಬೇಕು, ಇದರಲ್ಲಿ ಸಾಧನೆ ಎನ್ನುವುದು ಯಾವುದಕ್ಕೆ ಎಂದು ಹೇಳುವವರು ಕಡಿಮೆ. ಮಾಡಿದ ಶವಪರೀಕ್ಷೆಗಳ ಸಂಖ್ಯೆಯಾಗಲಿ, ಪತ್ರಿಕೆಯಲ್ಲಿ ಬಂದ ಹೆಸರಾಗಲಿ ಸಾಧನೆಯಲ್ಲ; ಬರೆದು ಹತ್ತು ವರ್ಷ ಕಳೆದ ಮೇಲೂ ಪಾಟೀಸವಾಲಿನಲ್ಲಿ ಅಲುಗಾಡದೆ ನಿಲ್ಲುವ ವರದಿಯೇ ಸಾಧನೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಬರಹವನ್ನು ಆ ದೃಷ್ಟಿಯಿಂದಲೇ ಬರೆಯುತ್ತಿದ್ದೇನೆ.

ಓದಿನ ಹಂತಗಳು

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ಫೊರೆನ್ಸಿಕ್ ಸೈನ್ಸ್ ಎಂಬ ಹೆಸರಿನ ಬಿ.ಎಸ್ಸಿ., ಎಂ.ಎಸ್ಸಿ. ಪದವಿಗಳು ಈಗ ಹಲವು ಕಡೆ ಇವೆ. ಅವನ್ನು ಓದಿದವರು ಪ್ರಯೋಗಾಲಯದಲ್ಲಿ ರಕ್ತ, ವಿಷ, ಬೆರಳಚ್ಚು, ದಾಖಲೆಪತ್ರ, ಗುಂಡು ಮದ್ದುಗಳನ್ನು ಪರೀಕ್ಷಿಸುವ ವಿಜ್ಞಾನಿಗಳಾಗುತ್ತಾರೆ. ಅದು ಗೌರವದ ಕೆಲಸವೇ. ಆದರೆ ಶವಪರೀಕ್ಷೆ ಮಾಡಿ ಸಾವಿನ ಕಾರಣ ಹೇಳುವ ಅಧಿಕಾರ ವೈದ್ಯರಿಗೆ ಮಾತ್ರ ಇದೆ. ಈ ವ್ಯತ್ಯಾಸ ತಿಳಿಯದೆ ಪಿಯುಸಿ ಮುಗಿದೊಡನೆ ಬಿ.ಎಸ್ಸಿ.ಗೆ ಸೇರಿ, ಮೂರನೆಯ ವರ್ಷದಲ್ಲಿ ನನ್ನ ಬಳಿ ಬಂದು ಬೇಸರಪಟ್ಟ ಮಕ್ಕಳನ್ನು ನೋಡಿದ್ದೇನೆ. ಆದ್ದರಿಂದ ನಿಮಗೆ ಬೇಕಿರುವುದು ಯಾವುದು ಎಂಬುದನ್ನು ಪಿಯುಸಿಯಲ್ಲಿಯೇ ನಿರ್ಧರಿಸಿಕೊಳ್ಳಿ.

ವೈದ್ಯರ ದಾರಿ ಆರಿಸಿಕೊಂಡರೆ ಕ್ರಮ ಸರಳವಾಗಿದೆ. ನೀಟ್ ಬರೆದು ಎಂಬಿಬಿಎಸ್‌ಗೆ ಸೇರಿ ನಾಲ್ಕೂವರೆ ವರ್ಷ ಓದಬೇಕು, ಒಂದು ವರ್ಷ ಇಂಟರ್ನ್‌ಶಿಪ್ ಮಾಡಬೇಕು, ಆಮೇಲೆ ಸ್ನಾತಕೋತ್ತರ ನೀಟ್ ಮೂಲಕ ಫೊರೆನ್ಸಿಕ್ ಮೆಡಿಸಿನ್ ಮತ್ತು ಟಾಕ್ಸಿಕಾಲಜಿ (ವಿಷವಿಜ್ಞಾನ) ವಿಷಯದಲ್ಲಿ ಮೂರು ವರ್ಷದ ಎಂ.ಡಿ. ಅಥವಾ ಅದಕ್ಕೆ ಸಮನಾದ ಡಿಎನ್‌ಬಿ ಮುಗಿಸಬೇಕು. ಒಟ್ಟು ಎಂಟೂವರೆ ವರ್ಷ. ಬೋಧಕರಾಗುವ ಆಸೆಯಿದ್ದರೆ ಎಂ.ಡಿ. ನಂತರ ಒಂದು ವರ್ಷ ಸೀನಿಯರ್ ರೆಸಿಡೆಂಟ್ ಆಗಿ ದುಡಿಯಬೇಕು. ಎಂಬಿಬಿಎಸ್ ಓದಲು ಈ ಭಾಗದವರು ಈಗ ದೂರ ಹೋಗಬೇಕಾಗಿಲ್ಲ. ತುಮಕೂರಿನ ಅಗಳಕೋಟೆಯಲ್ಲಿ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜಿದೆ, ನಗರದಲ್ಲಿಯೇ ಶ್ರೀದೇವಿ ಸಂಸ್ಥೆಯ ಕಾಲೇಜಿದೆ, ಕೋಲಾರದ ಟಮಕದಲ್ಲಿ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿದೆ, ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ಕಾಲೇಜು ಬಂದಿದೆ.

ಸ್ನಾತಕೋತ್ತರ ಸೀಟು ಹಂಚಿಕೆಯಲ್ಲಿ ಈ ವಿಷಯವನ್ನು ಮೊದಲು ಕೇಳುವವರು ಕಡಿಮೆ. ರೇಡಿಯಾಲಜಿ, ಜನರಲ್ ಮೆಡಿಸಿನ್ ಸಿಗದವರು ಕೊನೆಯ ಸುತ್ತಿನಲ್ಲಿ ಒಲ್ಲದ ಮನಸ್ಸಿನಿಂದ ಇಲ್ಲಿಗೆ ಬರುವುದುಂಟು. ಹಾಗೆ ಬಂದವರಲ್ಲಿಯೂ ಕೆಲವರು ಅತ್ಯುತ್ತಮ ತಜ್ಞರಾಗಿದ್ದಾರೆ, ಆದರೆ ಇಷ್ಟಪಟ್ಟು ಬಂದವರ ಕೆಲಸದ ನಯವೇ ಬೇರೆ. ಮನೆಯವರನ್ನು ಒಪ್ಪಿಸುವುದು ಇನ್ನೊಂದು ಕಷ್ಟ. “ಡಾಕ್ಟರ್ ಓದಿ ಕೊನೆಗೆ ಹೆಣ ಕೊಯ್ಯೋಕೆ ಹೋಗ್ತೀಯೇನಪ್ಪಾ” ಎಂದು ನನ್ನ ತಾಯಿ ಕೇಳಿದ್ದು ಇಂದಿಗೂ ಕಿವಿಯಲ್ಲಿದೆ. ಅಂಥ ಮಾತು ಬಂದಾಗ ವಾದಕ್ಕೆ ಇಳಿಯಬೇಡಿ. ಈ ವೈದ್ಯರ ಕೆಲಸದ ದೊಡ್ಡ ಪಾಲು ಬದುಕಿರುವವರ ಜೊತೆಯಲ್ಲಿಯೇ ಇದೆ ಎಂಬುದನ್ನು ಸಮಾಧಾನವಾಗಿ ತಿಳಿಸಿ. ಹೊಡೆದಾಟದಲ್ಲಿ ಗಾಯಗೊಂಡವರಿಗೆ ಗಾಯದ ಪ್ರಮಾಣಪತ್ರ ಕೊಡುವುದು, ದಾಖಲೆಯಿಲ್ಲದ ಬಾಲಕನ ವಯಸ್ಸನ್ನು ಮೂಳೆ, ಹಲ್ಲುಗಳಿಂದ ಅಂದಾಜಿಸುವುದು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರನ್ನು ಘನತೆಗೆ ಕುಂದು ಬಾರದಂತೆ ಪರೀಕ್ಷಿಸುವುದು, ವಿಷ ಸೇವಿಸಿ ಬಂದವರ ಚಿಕಿತ್ಸೆಯಲ್ಲಿ ಸಲಹೆ ಕೊಡುವುದು, ಇವೆಲ್ಲ ಇದೇ ವಿಭಾಗದ ಹೊಣೆ.

ನೋಡುವ ಕ್ರಮ

ಶವಾಗಾರಕ್ಕೆ ಹೋದೊಡನೆ ಚಾಕು ಹಿಡಿಯಬಾರದು. ಮೊದಲು ಕಾಗದ ಓದಬೇಕು. ಸಬ್ ಇನ್‌ಸ್ಪೆಕ್ಟರ್ ಬರೆದ ಶವ ಪಂಚನಾಮೆಯಲ್ಲಿ ಶವ ಎಲ್ಲಿ, ಯಾವ ಭಂಗಿಯಲ್ಲಿ, ಯಾರಿಗೆ ಮೊದಲು ಕಂಡಿತು ಎಂಬ ವಿವರವಿರುತ್ತದೆ. ಅದನ್ನು ಓದಿ ಮುಗಿಸಿ, ಶವದ ಮೇಲಿನ ಗುರುತುಚೀಟಿಯಲ್ಲಿರುವ ಹೆಸರು, ಯು.ಡಿ.ಆರ್. (ಅಸಹಜ ಸಾವಿನ ವರದಿ) ಅಥವಾ ಅಪರಾಧ ಸಂಖ್ಯೆ ಎರಡೂ ಕೋರಿಕೆಪತ್ರದೊಡನೆ ತಾಳೆಯಾಗುತ್ತವೆಯೇ ನೋಡಿಕೊಳ್ಳಬೇಕು. ಸಂಬಂಧಿಕರು ಗುರುತು ಹಿಡಿದದ್ದನ್ನು ದಾಖಲಿಸಬೇಕು. ಪಾವಗಡದ ಕಡೆಯವರಾದರೆ ಅವರ ಮನೆಮಾತು ಬಹುಮಟ್ಟಿಗೆ ತೆಲುಗು; ದುಃಖದಲ್ಲಿರುವವರು ಮನೆಮಾತಿನಲ್ಲಿಯೇ ಸರಿಯಾದ ವಿವರ ಹೇಳುತ್ತಾರೆ. ಈ ಸೀಮೆಯಲ್ಲಿ ಕೆಲಸ ಮಾಡುವ ವೈದ್ಯರಿಗೆ ಅಷ್ಟಿಷ್ಟು ತೆಲುಗು ಬರುವುದು ಒಂದು ಉಪಕರಣವಿದ್ದಂತೆ.

ಆಮೇಲೆ ಬಟ್ಟೆ. ಬಟ್ಟೆಯ ಮೇಲಿನ ಹರಕು, ಮಣ್ಣು, ಎಣ್ಣೆಯ ಕಲೆ, ಟೈರಿನ ಗುರುತು ಇವನ್ನು ಬಟ್ಟೆ ಬಿಚ್ಚುವ ಮೊದಲೇ ನೋಡಿ ಫೋಟೊ ತೆಗೆಸಬೇಕು. ರಾಷ್ಟ್ರೀಯ ಹೆದ್ದಾರಿ 48 ತುಮಕೂರು, ಶಿರಾಗಳ ಮೂಲಕವೇ ಹಾಯುವುದರಿಂದ ವಾಹನ ನಿಲ್ಲಿಸದೆ ಹೋದ ಅಪಘಾತಗಳು ಇಲ್ಲಿ ಹೊಸತಲ್ಲ. ಅಂಥ ಪ್ರಕರಣದಲ್ಲಿ ಅಂಗಿಯ ಮಡಿಕೆಯಲ್ಲಿ ಸಿಕ್ಕ ಬಣ್ಣದ ಚಕ್ಕೆಯೊಂದು ವಾಹನದ ಜಾಡು ಹಿಡಿಯಲು ಸಾಕಾಗಬಹುದು.

ಗಾಯವನ್ನು ನೋಡುವುದು ಹೇಗೆಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ತೆಂಗಿನ ಸೀಮೆಯ ಒಂದು ಹಳ್ಳಿಯಿಂದ ನಡುವಯಸ್ಸಿನ ರೈತರೊಬ್ಬರ ಶವ ಬಂದಿತ್ತು. ತೋಟದಲ್ಲಿ ಮರದ ಬುಡದಲ್ಲಿ ಬಿದ್ದಿದ್ದರು. ತಲೆಯ ಮೇಲೆ ಸುಮಾರು ಆರು ಸೆಂಟಿಮೀಟರ್ ಉದ್ದದ, ಗೆರೆ ಎಳೆದಂತೆ ನೇರವಾದ ಗಾಯ. ಅಣ್ಣತಮ್ಮಂದಿರಲ್ಲಿ ಬದುವಿನ ಜಗಳವಿದ್ದುದರಿಂದ, ಮಚ್ಚಿನಿಂದ ಕಡಿದಿದ್ದಾರೆ ಎಂದು ಹೊರಗೆ ಕುಳಿತವರೆಲ್ಲ ತೀರ್ಮಾನಿಸಿಯಾಗಿತ್ತು. ಬರಿಗಣ್ಣಿಗೆ ನನಗೂ ಹಾಗೆಯೇ ಕಂಡಿತು. ರಕ್ತ ಹೆಪ್ಪುಗಟ್ಟಿದ ಕೂದಲನ್ನು ನೀರಿನಿಂದ ತೊಳೆದು, ಗಾಯದ ಸುತ್ತ ಕ್ಷೌರ ಮಾಡಿ, ಎರಡೂ ಅಂಚುಗಳನ್ನು ಬೆರಳಿನಿಂದ ನಯವಾಗಿ ಅಗಲಿಸಿ ಮಸೂರದಲ್ಲಿ ನೋಡಿದಾಗ ಚಿತ್ರ ಬದಲಾಯಿತು. ಗಾಯದ ಆಳದಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಾಯ್ದ ಬಿಳಿಯ ಸಣ್ಣ ಎಳೆಗಳು ಹರಿಯದೆ ಉಳಿದಿದ್ದವು. ಅಂಚು ತುಸು ಜಜ್ಜಿ ಕಂದಿತ್ತು. ಕೂದಲು ಕತ್ತರಿಸಿರಲಿಲ್ಲ, ಬುಡ ನಜ್ಜುಗುಜ್ಜಾಗಿತ್ತು. ಹರಿತವಾದ ಅಲಗು ಹಾದುಹೋದರೆ ಆ ಎಳೆಗಳು ಉಳಿಯುವುದಿಲ್ಲ. ತಲೆಬುರುಡೆಯ ಮೇಲೆ ಚರ್ಮ ಬಿಗಿಯಾಗಿ ಹಾಸಿಕೊಂಡಿರುವುದರಿಂದ, ಮೊಂಡಾದ ವಸ್ತು ಬಡಿದರೂ ಅದು ಕೊಯ್ದಂತೆ ನೇರವಾಗಿ ಸೀಳುತ್ತದೆ.

ಅಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಮೊಂಡು ವಸ್ತು ಎಂದಾಕ್ಷಣ ಬಿದ್ದದ್ದು ಎಂದಾಗುವುದಿಲ್ಲ, ದೊಣ್ಣೆಯೂ ಮೊಂಡೇ. ಆದ್ದರಿಂದ ಉಳಿದ ದೇಹವನ್ನು ಅಂಗುಲ ಅಂಗುಲವಾಗಿ ನೋಡಬೇಕಾಯಿತು. ಎದೆಯ ಮೇಲೆಯೂ ಮುಂಗೈಗಳ ಒಳಬದಿಯಲ್ಲಿಯೂ ಉದ್ದಕ್ಕೆ ಉಜ್ಜಿದ ತರಚು ಗಾಯಗಳಿದ್ದವು. ಬಲಗಾಲಿನ ಹಿಮ್ಮಡಿ ಮೂಳೆ ಪುಡಿಯಾಗಿತ್ತು. ಸೊಂಟದ ಬಳಿ ಬೆನ್ನುಮೂಳೆ ಮುರಿದಿತ್ತು. ಮರ ತಬ್ಬಿದವರು ಜಾರಿ, ಕಾಲೂರಿ ಬಿದ್ದು, ಬಳಿಕ ತಲೆ ಬಡಿದರೆ ಇವೆಲ್ಲ ಒಟ್ಟಿಗೆ ಆಗುತ್ತವೆ. ಹೊಡೆದವರು ಹಿಮ್ಮಡಿಯನ್ನು ಹಾಗೆ ಮುರಿಯಲಾರರು. ತಮ್ಮನೊಬ್ಬ ಜೈಲಿಗೆ ಹೋಗದೆ ಉಳಿದದ್ದು ಆ ಬಿಳಿಯ ಎಳೆಗಳಿಂದ ಮತ್ತು ಆ ಹಿಮ್ಮಡಿಯಿಂದ. ಎಲ್ಲರೂ ನೋಡುತ್ತಿದ್ದ ತಲೆಯ ಗಾಯದಲ್ಲಿಯೇ ನಾನೂ ನಿಂತುಬಿಟ್ಟಿದ್ದರೆ ಕಾಲಿನ ಕಡೆ ಹೋಗುತ್ತಲೇ ಇರಲಿಲ್ಲ.

ನಮ್ಮ ಜಿಲ್ಲೆಗಳ ಸಾವುಗಳಿಗೆ ತಮ್ಮದೇ ಆದ ಗುಣಗಳಿವೆ, ಪಠ್ಯದ ಜೊತೆಗೆ ಅವನ್ನೂ ಕಲಿಯಬೇಕು. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಕ್ಕೆ ಬಿದ್ದವರು ಜಾರುವ ದಡ ಹಿಡಿದು ಮೇಲೆ ಬರಲಾರರು. ಅಂಥ ಶವದಲ್ಲಿ ಮೂಗು ಬಾಯಿಯ ಬಳಿಯ ನಯವಾದ ಬಿಳಿ ನೊರೆ, ಉಬ್ಬಿದ ಶ್ವಾಸಕೋಶಗಳನ್ನು ನೋಡುವುದರ ಜೊತೆಗೆ, ಡಯಾಟಮ್ ಪರೀಕ್ಷೆಗೆ ಅದೇ ಹೊಂಡದ ನೀರನ್ನೂ ತರಿಸಿ ಕಳಿಸಬೇಕು. ಮೂಳೆಮಜ್ಜೆಯಲ್ಲಿ ಸಿಕ್ಕ ಸೂಕ್ಷ್ಮ ಪಾಚಿಯನ್ನು ಆ ನೀರಿನದ್ದರೊಡನೆ ಹೋಲಿಸದಿದ್ದರೆ ಫಲಿತಾಂಶಕ್ಕೆ ಅರ್ಥವಿರುವುದಿಲ್ಲ. ಹಾವು ಕಚ್ಚಿದ ಪ್ರಕರಣಗಳಲ್ಲಿ ಕೊಳಕುಮಂಡಲ ಕಚ್ಚಿದ ಜಾಗ ಊದಿ ರಕ್ತ ಒಸರಿ ತಾನೇ ತೋರಿಸಿಕೊಡುತ್ತದೆ. ಕಟ್ಟುಹಾವು ಹಾಗಲ್ಲ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಊತವೂ ಇರದು, ಗುರುತೂ ಕಾಣದು. ಬೆಳಗಿನ ಜಾವ ಹೊಟ್ಟೆನೋವು ಎಂದವರು ಉಸಿರಾಡಲಾಗದೆ ಸಾಯುತ್ತಾರೆ. ಬೆರಳ ಸಂದಿ, ಕಿವಿಯ ಹಿಂಭಾಗ, ಕೂದಲಿನ ಒಳಗೆ ಮಸೂರ ಹಿಡಿದು ಹುಡುಕಬೇಕು. ಕಾಡಂಚಿನ ಹಳ್ಳಿಗಳಲ್ಲಿ ಚಿರತೆ ದಾಳಿಯಿಂದ ಸತ್ತವರ ಮನೆಗೆ ಸಿಗುವ ಪರಿಹಾರವೂ, ಕುತ್ತಿಗೆಯ ಮೇಲಿನ ತೂತುಗಳು ಬದುಕಿದ್ದಾಗ ಆದವೇ ಅಥವಾ ಸತ್ತ ಮೇಲೆ ನಾಯಿ ನರಿ ಕಚ್ಚಿದ್ದೇ ಎಂಬ ನಿರ್ಧಾರವನ್ನು ಅವಲಂಬಿಸುತ್ತದೆ. ಬದುಕಿದ್ದಾಗಿನ ಗಾಯದ ಸುತ್ತ ಅಂಗಾಂಶದೊಳಗೆ ರಕ್ತ ಇಂಗಿರುತ್ತದೆ, ತೊಳೆದರೆ ಹೋಗುವುದಿಲ್ಲ. ಇನ್ನು ಪಾವಗಡದಂಥ ಫ್ಲೋರೈಡ್ ನೀರಿನ ಪ್ರದೇಶದಲ್ಲಿ ಬೆಳೆದವರ ಹಲ್ಲಿನ ಕಂದು ಪಟ್ಟೆಗಳು, ಗುರುತು ಸಿಗದ ಶವ ಯಾವ ಕಡೆಯದಿರಬಹುದು ಎಂಬುದಕ್ಕೆ ಒಂದು ಸುಳಿವಾಗಬಲ್ಲವು. ಅದು ಸುಳಿವು ಮಾತ್ರ, ಪುರಾವೆಯಲ್ಲ.

ಸತ್ತು ಎಷ್ಟು ಹೊತ್ತಾಯಿತು ಎಂಬ ಪ್ರಶ್ನೆಗೆ ಉತ್ತರಿಸುವಾಗ ಬಹಳ ಎಚ್ಚರವಿರಲಿ. ಮೈ ಸೆಟೆಯುವುದು ಸಾಮಾನ್ಯವಾಗಿ ರೆಪ್ಪೆ, ದವಡೆಗಳಲ್ಲಿ ಮೊದಲು ಕಾಣಿಸಿ ಕೆಳಗೆ ಇಳಿಯುತ್ತದೆ. ರಕ್ತ ತಳಭಾಗಕ್ಕೆ ಇಳಿದು ಆಗುವ ಕಲೆ ಕೆಲವು ಗಂಟೆಗಳಲ್ಲಿ ಸ್ಥಿರವಾಗುತ್ತದೆ. ಬೇಸಿಗೆಯಲ್ಲಿ ಹೊಟ್ಟೆಯ ಬಲ ಕೆಳಭಾಗ ಬೇಗನೆ ಹಸಿರುಗಟ್ಟುತ್ತದೆ. ಆದರೆ ಬಿಸಿಲು, ಮೈಕಟ್ಟು, ಜ್ವರ, ಶೈತ್ಯಾಗಾರ ಎಲ್ಲವೂ ಈ ಲೆಕ್ಕವನ್ನು ತಲೆಕೆಳಗು ಮಾಡಬಲ್ಲವು. ಶವವನ್ನು ಶೈತ್ಯಾಗಾರದಲ್ಲಿ ಇಟ್ಟ ಹೊತ್ತು ಎಷ್ಟು ಎಂಬುದನ್ನು ಕೇಳಿ ಬರೆದುಕೊಳ್ಳದೆ ಸಮಯದ ಮಾತು ಆಡಲೇಬೇಡಿ.

ಬರೆಯುವ ಕ್ರಮ

ತಾಲ್ಲೂಕು ಆಸ್ಪತ್ರೆಯಲ್ಲಿದ್ದ ಮೊದಲ ವರ್ಷ ನಾನು ಒಂದು ವರದಿಯಲ್ಲಿ ಸಾವಿನ ಕಾರಣ ‘ಹೃದಯ ಮತ್ತು ಉಸಿರಾಟ ನಿಂತದ್ದರಿಂದ’ ಎಂದಷ್ಟೇ ಬರೆದು ಸಹಿ ಹಾಕಿದ್ದೆ. ಮೂರು ವರ್ಷದ ನಂತರ ಸಾಕ್ಷಿ ಕಟಕಟೆಯಲ್ಲಿ ನಿಂತಾಗ ಆರೋಪಿ ಪರ ವಕೀಲರು, ಹೃದಯ ಮತ್ತು ಉಸಿರಾಟ ನಿಲ್ಲದೆ ಸಾಯುವವರು ಯಾರಾದರೂ ಇದ್ದಾರೆಯೇ ಎಂದು ಶಾಂತವಾಗಿ ಕೇಳಿದರು. ಉತ್ತರವಿರಲಿಲ್ಲ. ಶವವಂತೂ ಆಗಲೇ ಮಣ್ಣಾಗಿತ್ತು. ಹೊಟ್ಟೆಯೊಳಗೆ ಗುಲ್ಮ ಒಡೆದು ರಕ್ತ ತುಂಬಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ, ಆದರೆ ಅದನ್ನು ಕಾರಣದ ಸಾಲಿನಲ್ಲಿ ಬರೆದಿರಲಿಲ್ಲ. ಸತ್ತವರ ಹೆಂಡತಿ ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಎಂ.ಡಿ. ಮಾಡಲೇಬೇಕೆಂದು ನಾನು ನಿಶ್ಚಯಿಸಿದ್ದು ಆ ಸಂಜೆ ಬಸ್ಸಿನಲ್ಲಿ ಮನೆಗೆ ಬರುವಾಗ.

ಆದ್ದರಿಂದ ಮೊದಲ ಪಾಠವಿದು. ಸಾವಿನ ಕಾರಣವೆಂದರೆ ಸಾವಿಗೆ ದೂಡಿದ ಗಾಯ ಅಥವಾ ರೋಗ; ಕೊನೆಯಲ್ಲಿ ಎಲ್ಲರಿಗೂ ಆಗುವುದು ಕಾರಣವಲ್ಲ. ‘ಹೊಟ್ಟೆಗೆ ಮೊಂಡು ವಸ್ತುವಿನ ಬಲವಾದ ಪೆಟ್ಟು ಬಿದ್ದು ಗುಲ್ಮ ಒಡೆದು ಆದ ರಕ್ತಸ್ರಾವ ಮತ್ತು ಆಘಾತ’ ಎಂದು ಬರೆದಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಗಾಯದ ವಿವರ ಬರೆಯುವಾಗ ಯಾವ ಬಗೆಯ ಗಾಯ, ಎಷ್ಟು ಉದ್ದ ಅಗಲ ಆಳ, ಯಾವ ಆಕಾರ, ಯಾವ ದಿಕ್ಕು, ಅಂಚು ಹೇಗಿದೆ, ಬಣ್ಣವೇನು ಎಂಬುದೆಲ್ಲ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಜಾಗ ಎಲ್ಲಿ ಎಂಬುದು ದೇಹದ ಮೇಲೆ ಕದಲದ ಗುರುತೊಂದರಿಂದ ಅಳೆದಿರಬೇಕು. ‘ಎಡಗೈಗೆ ಪೆಟ್ಟು ಬಿದ್ದಿದೆ’ ಎಂಬುದು ವಿವರವಲ್ಲ. ‘ಎಡ ಮುಂಗೈಯ ಹಿಂಬದಿಯಲ್ಲಿ, ಮೊಣಕೈ ತುದಿಯಿಂದ 7 ಸೆಂ.ಮೀ. ಕೆಳಗೆ, ಓರೆಯಾಗಿ ಹಬ್ಬಿದ, 5 ಸೆಂ.ಮೀ. ಉದ್ದ 2 ಸೆಂ.ಮೀ. ಅಗಲದ, ಕೆಂಪು ನೇರಳೆ ಬಣ್ಣದ ಕಂದುಗಾಯ’ ಎಂದರೆ, ಅದು ಹೊಡೆತ ತಡೆಯಲು ಕೈ ಎತ್ತಿದಾಗ ಆದದ್ದೋ ಅಲ್ಲವೋ ಎಂದು ನ್ಯಾಯಾಧೀಶರು ತಾವೇ ಯೋಚಿಸಬಲ್ಲರು. ವರದಿಯನ್ನು ನಾವು ಬಹುತೇಕ ಇಂಗ್ಲಿಷಿನಲ್ಲಿ ಬರೆಯುತ್ತೇವೆ, ಪಂಚನಾಮೆ ಕನ್ನಡದಲ್ಲಿರುತ್ತದೆ. ಪಂಚನಾಮೆಯಲ್ಲಿ ‘ತರಚಿದ ಗಾಯ’ ಎಂದಿದ್ದು ನಿಮ್ಮಲ್ಲಿ ‘ಕತ್ತರಿಸಿದ ಗಾಯ’ ಎಂದಾದರೆ ವ್ಯತ್ಯಾಸ ಏಕೆಂದು ಆ ದಿನವೇ ಗಮನಿಸಿ ಟಿಪ್ಪಣಿ ಮಾಡಿಟ್ಟುಕೊಳ್ಳಿ. ಐದು ವರ್ಷದ ಮೇಲೆ ವಕೀಲರು ಹಿಡಿಯುವ ಎಳೆ ಸಾಮಾನ್ಯವಾಗಿ ಅದೇ ಆಗಿರುತ್ತದೆ.

ಮಾದರಿ ಸಂಗ್ರಹವೂ ಬರವಣಿಗೆಯ ಭಾಗವೇ. ಟೊಮೆಟೊ, ದ್ರಾಕ್ಷಿ, ಹೂವು ಬೆಳೆಯುವ ಈ ಜಿಲ್ಲೆಗಳಲ್ಲಿ ಕೀಟನಾಶಕ ಕುಡಿದ ಸಾವುಗಳು ಹೆಚ್ಚಾಗಿ ಬರುತ್ತವೆ, ಜಠರ ತೆರೆದೊಡನೆ ಮೂಗಿಗೆ ಸೀಮೆಎಣ್ಣೆಯಂಥ ವಾಸನೆ ಹೊಡೆಯುತ್ತದೆ. ವಾಸನೆ ಬಂದಿತೆಂದು ತೀರ್ಮಾನ ಬರೆಯಬಾರದು. ಜಠರವನ್ನು ಅದರೊಳಗಿನದರ ಸಮೇತ, ಸಣ್ಣಕರುಳಿನ ಮೇಲಿನ ಸುಮಾರು 30 ಸೆಂ.ಮೀ. ಭಾಗವನ್ನು ಒಂದು ಬಾಟಲಿಯಲ್ಲಿ, ಯಕೃತ್ತಿನ ತುಂಡು ಹಾಗೂ ಎರಡೂ ಮೂತ್ರಪಿಂಡಗಳ ಅರ್ಧರ್ಧವನ್ನು ಇನ್ನೊಂದರಲ್ಲಿ, ರಕ್ತವನ್ನು ಸೋಡಿಯಂ ಫ್ಲೋರೈಡ್ ಹಾಕಿದ ಬೇರೆ ಸೀಸೆಯಲ್ಲಿ ತೆಗೆದಿಡಬೇಕು. ಅಂಗಗಳಿಗೆ ಬೇಕಾದದ್ದು ಅಡುಗೆ ಉಪ್ಪಿನ ಪರ್ಯಾಪ್ತ ದ್ರಾವಣ. ಅಂದರೆ ಕಲಸಿದ ಮೇಲೂ ತಳದಲ್ಲಿ ಉಪ್ಪು ಕರಗದೆ ಉಳಿದಿರಬೇಕು. ಆಮ್ಲ ಕುಡಿದ ಶಂಕೆಯಿದ್ದರೆ ಉಪ್ಪಿನ ಬದಲು ಸ್ಪಿರಿಟ್. ಫಾರ್ಮಾಲಿನ್ ಇರುವುದು ಸೂಕ್ಷ್ಮದರ್ಶಕದ ಪರೀಕ್ಷೆಗೆ ಹೋಗುವ ತುಂಡುಗಳಿಗೆ ಮಾತ್ರ. ವಿಷಪರೀಕ್ಷೆಗೆ ಹೋಗುವ ಬಾಟಲಿಗೆ ಅದನ್ನು ಸುರಿದರೆ ಆ ಪ್ರಕರಣದ ಕಥೆ ಅಲ್ಲಿಗೇ ಮುಗಿಯಿತು. ಬಾಟಲಿಯನ್ನು ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು, ಕೊಳೆತ ಅನಿಲ ಮುಚ್ಚಳವನ್ನು ಎಬ್ಬಿಸುತ್ತದೆ. ಬಳಸಿದ ಉಪ್ಪುನೀರಿನ ಮಾದರಿಯನ್ನೂ ಬೇರೆಯಾಗಿ ಇಡಬೇಕು. ಅರಗಿನ ಮುದ್ರೆ ಒತ್ತಿ, ಮುದ್ರೆಯ ನಮೂನೆಯನ್ನು ಕಾಗದದ ಮೇಲೆ ಕೊಟ್ಟು, ಒಯ್ಯುವ ಕಾನ್‌ಸ್ಟೆಬಲ್ ಸಹಿ, ದಿನ, ಸಮಯ ಪಡೆದು ಕಳಿಸಬೇಕು. ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದವರು ಮೊದಲು ನೋಡುವುದು ಆ ಮುದ್ರೆಯನ್ನೇ. ವರದಿ ಬರುವವರೆಗೆ ಅಂತಿಮ ಅಭಿಪ್ರಾಯ ಕಾದಿರಿಸಲಾಗಿದೆ ಎಂದು ಬರೆಯಲು ಹಿಂಜರಿಯಬೇಡಿ, ಆದರೆ ವರದಿ ಬಂದ ಮೇಲೆ ಅಂತಿಮ ಅಭಿಪ್ರಾಯ ಕೊಡುವುದನ್ನು ಮರೆಯಲೂ ಬೇಡಿ. ಈ ಮರೆವಿನಿಂದ ವಿಮೆ ಹಣ ಬಾರದೆ ಕಚೇರಿಯಿಂದ ಕಚೇರಿಗೆ ಅಲೆದ ಕುಟುಂಬಗಳನ್ನು ಕಂಡಿದ್ದೇನೆ.

ಕಾನೂನು ಮತ್ತು ಕಟಕಟೆ

2024ರ ಜುಲೈ 1ರಿಂದ ಹಳೆಯ ಸಂಹಿತೆಗಳ ಜಾಗದಲ್ಲಿ ಹೊಸವು ಬಂದಿವೆ. ಅಸಹಜ ಸಾವಿನ ತನಿಖೆಗೆ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮು ಎನ್ನುತ್ತಿದ್ದೆವು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 194. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಅನುಮಾನಾಸ್ಪದವಾಗಿ ಸತ್ತರೆ ಶವಪರೀಕ್ಷೆ ಆಗಲೇಬೇಕು, ಅಂಥಲ್ಲಿ ಪಂಚನಾಮೆಗೆ ಸಾಮಾನ್ಯವಾಗಿ ತಹಶೀಲ್ದಾರರೇ ಬರುತ್ತಾರೆ. ಪೊಲೀಸ್ ವಶದಲ್ಲಿ ಸಾವಾದರೆ 196ನೆಯ ಕಲಮಿನಂತೆ ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯುತ್ತದೆ, ಶವಪರೀಕ್ಷೆಯ ವಿಡಿಯೊ ಚಿತ್ರೀಕರಣ ಮಾಡಬೇಕು. ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಘಟನಾ ಸ್ಥಳಕ್ಕೆ ಹೋಗಬೇಕೆಂದು 176ನೆಯ ಕಲಮು ಹೇಳುತ್ತದೆ. ಸೂರ್ಯಾಸ್ತದ ನಂತರ ಶವಪರೀಕ್ಷೆ ಕೂಡದೆಂಬ ಹಳೆಯ ನಿಯಮವನ್ನು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರಿನಲ್ಲಿ ಸಡಿಲಿಸಿತು; ಸಾಕಷ್ಟು ಬೆಳಕು, ಸೌಲಭ್ಯ ಇರುವೆಡೆ ರಾತ್ರಿಯೂ ಮಾಡಬಹುದು, ಆದರೆ ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ಶವ, ಅನುಮಾನವಿರುವ ಸಾವುಗಳನ್ನು ಕಾನೂನು ಸುವ್ಯವಸ್ಥೆಯ ತುರ್ತು ಇಲ್ಲದಿದ್ದರೆ ಹಗಲಿಗೇ ಬಿಡಬೇಕು. ಲೈಂಗಿಕ ದೌರ್ಜನ್ಯದ ಪರೀಕ್ಷೆಯಲ್ಲಿ ಎರಡು ಬೆರಳಿನ ಪರೀಕ್ಷೆ (ಯೋನಿಯೊಳಗೆ ಬೆರಳಿಟ್ಟು ನೋಡುವುದು) ಸಲ್ಲದೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿ 2022ರಲ್ಲಿ ಇನ್ನಷ್ಟು ಕಟುವಾಗಿ ಹೇಳಿದೆ. ಹಳೆಯ ಮುದ್ರಿತ ನಮೂನೆಯಲ್ಲಿ ಅದಕ್ಕೆ ಜಾಗವಿದ್ದರೂ ನೀವು ಅದನ್ನು ಮಾಡಕೂಡದು.

ಕಟಕಟೆಗೆ ಹೋಗುವ ಹಿಂದಿನ ರಾತ್ರಿ ನಿಮ್ಮ ವರದಿಯನ್ನು ಬೇರೆಯವರು ಬರೆದದ್ದೆಂಬಂತೆ ಓದಿ. ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯ ಕಲಮಿನಡಿ ನೀವು ಹೇಳುವುದು ತಜ್ಞರ ಅಭಿಪ್ರಾಯ. ತೀರ್ಪು ಕೊಡುವುದು ನ್ಯಾಯಾಧೀಶರ ಕೆಲಸ. ಸರ್ಕಾರಿ ಅಭಿಯೋಜಕರು ಕರೆಸಿದ್ದಾರೆಂದು ನೀವು ಅವರ ಪಕ್ಷದವರಲ್ಲ. ‘ಈ ಗಾಯ ಬಿದ್ದಾಗಲೂ ಆಗಬಹುದಲ್ಲವೇ’ ಎಂದು ಪಾಟೀಸವಾಲಿನಲ್ಲಿ ಕೇಳಿದಾಗ, ಆಗಬಹುದಾದರೆ ‘ಆಗಬಹುದು’ ಎಂದೇ ಹೇಳಬೇಕು.

ಹೆಸರಾದವರಿಂದ ಕಲಿಯಬೇಕಾದದ್ದು

1984ರ ಜನವರಿಯಲ್ಲಿ ಕೇರಳದ ಮಾವೇಲಿಕ್ಕರದ ಬಳಿ ಸುಟ್ಟ ಅಂಬಾಸಡರ್ ಕಾರೊಂದರಲ್ಲಿ ಕರಕಲಾದ ಶವ ಸಿಕ್ಕಿತು. ಕಾರು ಸುಕುಮಾರ ಕುರುಪ್ ಎಂಬಾತನದು. ಸತ್ತವನೂ ಅವನೇ ಎಂದು ಮೊದಲು ಭಾವಿಸಲಾಗಿತ್ತು. ಪೊಲೀಸ್ ಸರ್ಜನ್ ಆಗಿದ್ದ ಡಾ. ಬಿ. ಉಮಾದತ್ತನ್ ಅವರು ಪರೀಕ್ಷಿಸಿದಾಗ ಶ್ವಾಸನಾಳದಲ್ಲಿ ಮಸಿಯಿರಲಿಲ್ಲ. ಬೆಂಕಿ ಹೊತ್ತಿದಾಗ ಉಸಿರಾಡುತ್ತಿದ್ದವರ ಶ್ವಾಸನಾಳದಲ್ಲಿ ಮಸಿ ಸೇರಿರುತ್ತದೆ; ಇಲ್ಲವೆಂದರೆ ಸುಡುವ ಮೊದಲೇ ಸಾವಾಗಿರುವ ಸಾಧ್ಯತೆ ಬಲವಾಗಿದೆ. ವಿಮೆ ಹಣಕ್ಕಾಗಿ ಚಾಕೋ ಎಂಬ ಅಮಾಯಕನನ್ನು ಕೊಂದು ಸುಟ್ಟಿದ್ದರು ಎಂಬುದು ಬಯಲಾಯಿತು. ನಮ್ಮ ನೆರೆಯ ತಮಿಳುನಾಡಿನಲ್ಲಿ 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾದಾಗ, ಸ್ಫೋಟಕವನ್ನು ಸೊಂಟಕ್ಕೆ ಕಟ್ಟಿಕೊಂಡು ಬಂದದ್ದು ಹೆಣ್ಣೊಬ್ಬಳು ಎಂಬುದನ್ನು ಚದುರಿದ ತುಣುಕುಗಳಿಂದ ಕಟ್ಟಿಕೊಟ್ಟವರಲ್ಲಿ ವಿಧಿವಿಜ್ಞಾನಿ ಪಿ. ಚಂದ್ರಶೇಖರನ್ ಪ್ರಮುಖರು. ಅವರಿಗೆ 2000ದಲ್ಲಿ ಪದ್ಮಭೂಷಣ ಬಂದಿತು. ಇಂಗ್ಲೆಂಡಿನಲ್ಲಿ 1949ರಲ್ಲಿ ಜಾನ್ ಹೇಗ್ ಎಂಬಾತ ಒಬ್ಬ ಮಹಿಳೆಯನ್ನು ಕೊಂದು ಶವವನ್ನು ಆಮ್ಲದಲ್ಲಿ ಕರಗಿಸಿ, ಶವವೇ ಇಲ್ಲದ ಮೇಲೆ ಶಿಕ್ಷೆಯಿಲ್ಲ ಎಂದು ನಂಬಿದ್ದ. ಫೊರೆನ್ಸಿಕ್ ತಜ್ಞ ಡಾ. ಕೀತ್ ಸಿಂಪ್ಸನ್ ಆ ದ್ರವ ಸುರಿದಿದ್ದ ಅಂಗಳದ ಬೆಣಚುಕಲ್ಲುಗಳ ನಡುವೆ ಪಿತ್ತಕೋಶದ ಕಲ್ಲನ್ನು ಗುರುತಿಸಿದರು. ಜಿಡ್ಡಿನೊಳಗೆ ಸಿಕ್ಕ ಕಟ್ಟಿಸಿದ ಹಲ್ಲುಗಳನ್ನು ಆಕೆಯ ದಂತವೈದ್ಯೆ ಗುರುತು ಹಿಡಿದರು.

ಇಲ್ಲಿ ಗಮನಿಸಬೇಕಾದದ್ದು, ಇವರೆಲ್ಲರನ್ನು ದೊಡ್ಡವರನ್ನಾಗಿಸಿದ್ದು ಯಾವ ದುಬಾರಿ ಯಂತ್ರವೂ ಅಲ್ಲ. ತೆರೆದ ಶ್ವಾಸನಾಳವನ್ನು ತಾಲ್ಲೂಕು ಆಸ್ಪತ್ರೆಯ ವೈದ್ಯರೂ ನೋಡಬಹುದು. ನಮ್ಮ ದೇಶದಲ್ಲಿ ಬಹುಪಾಲು ಶವಪರೀಕ್ಷೆ ಮಾಡುವವರು ಅವರೇ ಆದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ತಪ್ಪಿದವರನ್ನೂ ಓದಬೇಕು. ಶವಪರೀಕ್ಷಾ ತಜ್ಞ ಬರ್ನಾರ್ಡ್ ಸ್ಪಿಲ್ಸ್‌ಬರಿ, ಹೆಂಡತಿಯ ಕೊಲೆಯ ಆರೋಪದ 1910ರ ಕ್ರಿಪ್ಪೆನ್ ಪ್ರಕರಣದಿಂದ ಇಂಗ್ಲೆಂಡಿನಲ್ಲಿ ಮನೆಮಾತಾದರು. 1924ರಲ್ಲಿ ಒಂದು ಕೊಲೆಯ ಸ್ಥಳದಲ್ಲಿ ಪೊಲೀಸರು ಬರಿಗೈಯಲ್ಲಿ ಮಾಂಸದ ತುಂಡು ಎತ್ತುತ್ತಿದ್ದುದನ್ನು ಕಂಡು, ಘಟನಾ ಸ್ಥಳಕ್ಕೆ ಕೈಗವಸು, ಚಿಮಟ, ಚೀಲಗಳಿರುವ ಪೆಟ್ಟಿಗೆ ಒಯ್ಯುವ ಪದ್ಧತಿಗೆ ಕಾರಣರಾದರು. ಅದು ಇಂದಿಗೂ ನಮಗೆ ಉಪಕಾರವಾಗಿದೆ. ಆದರೆ ಅವರ ಮಾತೆಂದರೆ ಜ್ಯೂರಿ ಎದುರು ಮಾತಾಡದಂತಾಯಿತು, ಅವರ ಹಲವು ಅಭಿಪ್ರಾಯಗಳನ್ನು ನಂತರದ ತಜ್ಞರು ಒಪ್ಪಲಿಲ್ಲ. ಕೆನಡಾದ ಒಂಟಾರಿಯೊದಲ್ಲಿ ಚಾರ್ಲ್ಸ್ ಸ್ಮಿತ್ ಎಂಬ ಮಕ್ಕಳ ಪೆಥಾಲಜಿಸ್ಟ್, ಫೊರೆನ್ಸಿಕ್ ತರಬೇತಿಯಿಲ್ಲದೆಯೇ ವರ್ಷಾನುಗಟ್ಟಲೆ ಮಕ್ಕಳ ಸಾವುಗಳಲ್ಲಿ ಸಾಕ್ಷ್ಯ ನುಡಿದರು. ಅಂಥದೊಂದು ಪ್ರಕರಣದಲ್ಲಿ ವಿಲಿಯಂ ಮಲಿನ್ಸ್ ಜಾನ್ಸನ್ ಎಂಬಾತ ಸೋದರನ ಮಗಳನ್ನು ಕೊಂದನೆಂದು 1994ರಲ್ಲಿ ಶಿಕ್ಷೆಗೊಳಗಾದ; 2007ರಲ್ಲಿ ನ್ಯಾಯಾಲಯ ಅವನನ್ನು ನಿರ್ದೋಷಿಯೆಂದು ಘೋಷಿಸಿತು. ಸತ್ತ ಮೇಲಿನ ಸಹಜ ಬದಲಾವಣೆಗಳನ್ನು ಗಾಯಗಳೆಂದು ಓದಲಾಗಿತ್ತು. 2008ರಲ್ಲಿ ನ್ಯಾಯಮೂರ್ತಿ ಗೌಜ್ ಅವರ ವಿಚಾರಣಾ ವರದಿ ಇಂಥ ತಪ್ಪುಗಳನ್ನು ಒಂದೊಂದಾಗಿ ತೆರೆದಿಟ್ಟಿತು. ‘ನಿಶ್ಚಿತವಾಗಿ ಹೇಳಲಾಗದು’ ಎಂಬ ಎರಡು ಪದ ಬರೆಯಬೇಕಾದ ಕಡೆ ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ನನಗೆ ಗೊತ್ತಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಸಾಧಕರ ಕಥೆಗಿಂತ ಮೊದಲು ಇದನ್ನೇ ಹೇಳುತ್ತೇನೆ.

ಈಗಿನಿಂದಲೇ ಆರಂಭಿಸುವುದಾದರೆ

ಎಂಬಿಬಿಎಸ್ ಓದುತ್ತಿರುವವರು ವಿಭಾಗದ ಮುಖ್ಯಸ್ಥರ ಅನುಮತಿ ಪಡೆದು, ಪಠ್ಯಕ್ರಮ ಹೇಳುವಷ್ಟಕ್ಕೇ ನಿಲ್ಲದೆ ಇನ್ನೂ ಕೆಲವು ಶವಪರೀಕ್ಷೆಗಳನ್ನು ನಿಂತು ನೋಡಿ. ಮೊದಲ ದಿನ ತಲೆ ಸುತ್ತಿದರೆ ನಾಚಿಕೆಪಡಬೇಡಿ, ಹೊರಗೆ ಬಂದು ನೀರು ಕುಡಿದು ಮತ್ತೆ ಒಳಗೆ ಹೋಗಿ. ಅಲ್ಲಿ ವರ್ಷಗಟ್ಟಲೆ ದುಡಿದ ಶವಾಗಾರದ ಸಹಾಯಕರನ್ನು ಅಣ್ಣ ಎಂದು ಮಾತನಾಡಿಸಿ. ತಲೆಬುರುಡೆ ತೆರೆಯುವಾಗ ಕೈ ಎಲ್ಲಿರಬೇಕು ಎಂಬುದನ್ನು ನನಗೆ ಕಲಿಸಿದ್ದು ಪ್ರೊಫೆಸರ್ ಅಲ್ಲ, ಅಂಥ ಒಬ್ಬರು. ಶವದ ಮುಂದೆ ಮೊಬೈಲ್ ಹೊರತೆಗೆಯಬೇಡಿ.

ಪಿಯುಸಿಯಲ್ಲಿರುವವರಿಗೂ ಮಾಡಬಹುದಾದ ಒಂದು ಅಭ್ಯಾಸವಿದೆ. ಸೈಕಲ್ಲಿನಿಂದ ಬಿದ್ದು ನಿಮ್ಮ ಮೊಣಕಾಲು ತರಚಿದ್ದರೆ ಒಂದು ಸ್ಕೇಲು ತೆಗೆದುಕೊಂಡು ಆ ಗಾಯವನ್ನು ಅಳೆಯಿರಿ. ಮಂಡಿಚಿಪ್ಪಿನ ಮಧ್ಯದಿಂದ ಎಷ್ಟು ದೂರ, ಯಾವ ಕಡೆಗೆ, ಯಾವ ಆಕಾರ, ಯಾವ ಅಂಚಿನಲ್ಲಿ ಸುಲಿದ ಚರ್ಮ ಗುಡ್ಡೆಯಾಗಿದೆ ಎಂದು ಐದು ಸಾಲಿನಲ್ಲಿ ಬರೆಯಿರಿ. ಚರ್ಮ ಗುಡ್ಡೆಯಾದ ಕಡೆ ನೀವು ಜಾರಿದ ದಿಕ್ಕನ್ನು ಹೇಳುತ್ತದೆ. ಬರೆದ ಹಾಳೆಯನ್ನು ಗಾಯ ನೋಡಿರದ ಗೆಳೆಯನ ಕೈಗೆ ಕೊಟ್ಟು, ಅದನ್ನು ಓದಿ ಖಾಲಿ ಕಾಗದದ ಮೇಲೆ ಮೊಣಕಾಲಿನ ಚಿತ್ರ ಬರೆದು ಗಾಯ ತೋರಿಸಲು ಹೇಳಿ. ಚಿತ್ರವನ್ನು ಮೊಣಕಾಲಿನ ಪಕ್ಕದಲ್ಲಿ ಹಿಡಿದು ನೋಡಿ. ಎಲ್ಲಿ ತಪ್ಪಿದೆಯೋ ಅಲ್ಲಿ ನಿಮ್ಮ ಯಾವ ಪದ ಸಾಲದಾಯಿತು ಎಂದು ಹುಡುಕಿ ತಿದ್ದಿ, ಹಾಳೆಯನ್ನು ಇನ್ನೊಬ್ಬರಿಗೆ ಕೊಡಿ.